ಜೋಡರ್ಜಿ

ಅಮೆರಿಕದ ಯಾವ ಕನ್ನಡ ಕೂಟಕ್ಕೆ ಹೋದರೂ ಒಬ್ಬ ಜೋಡರ್ಜಿ ಸಿಕ್ಕೇ ಸಿಗುತ್ತಾನೆ. ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸು. ಡಿಗ್ರಿ ಮುಗಿದಿದೆ, ಮುಂದಿನದು ಶುರುವಾಗಿಲ್ಲ. ಈ ಖಾಲಿ ವರ್ಷಕ್ಕೆ ಅಲ್ಲಿ ‘ಗ್ಯಾಪ್ ಇಯರ್’ ಎಂಬ ಗೌರವದ ಹೆಸರಿದೆ. ಹಾಸನದಲ್ಲಾಗಿದ್ದರೆ ‘ಮನೇಲಿದಾನೆ’ ಅಂದು ಮುಗಿಸುತ್ತಿದ್ದರು. ಮೆಡಿಕಲ್ ಕಾಲೇಜುಗಳಿಗೆ, ಅಂದರೆ ಅಲ್ಲಿನ ಎಂ.ಡಿ.ಗೆ, ಒಂದು ಅರ್ಜಿ ಹಾಕಿದ್ದಾನೆ, ಪೊಡಿಯಾಟ್ರಿ ಕಾಲೇಜುಗಳಿಗೊಂದು ಹಾಕಿದ್ದಾನೆ. ಪೊಡಿಯಾಟ್ರಿ ಅಂದರೆ ಪಾದದ ವೈದ್ಯಕೀಯ: ನಾಲ್ಕು ವರ್ಷ ಓದು, ಮೇಲೆ ಮೂರು ವರ್ಷ ರೆಸಿಡೆನ್ಸಿ, ಆಪರೇಷನ್ನೂ ಮಾಡಬಹುದು. ಎರಡು ದೋಣಿಯ ಮೇಲೆ ಕಾಲಿಟ್ಟವನು ಎಂದು ಅವನನ್ನು ಆಡಿಕೊಳ್ಳಬೇಡಿ. ನಾಳೆ ನೀವು ಜಾರಿ ಬಿದ್ದರೆ ಆ ಕಾಲು ನೋಡಬೇಕಾದವನು ಅವನೇ.

ಹುಡುಗ ದಡ್ಡನಲ್ಲ. 2023ರಲ್ಲಿ ಅಲ್ಲಿನ ಎಂ.ಡಿ. ಕಾಲೇಜುಗಳಿಗೆ ಅರ್ಜಿ ಹಾಕಿದವರು 52 ಸಾವಿರಕ್ಕೂ ಮೇಲೆ, ಸೇರಿದವರು ಸುಮಾರು 23 ಸಾವಿರ. ಮಿಕ್ಕವರೆಲ್ಲ ದಡ್ಡರೇ? ಎಂಕ್ಯಾಟ್ ಎಂಬ ಏಳೂವರೆ ಗಂಟೆಯ ಪ್ರವೇಶ ಪರೀಕ್ಷೆಯಲ್ಲಿ ಅಂಕ ಶುರುವಾಗುವುದೇ 472ರಿಂದ, ಮುಗಿಯುವುದು 528ಕ್ಕೆ. ಉತ್ತರವೆಲ್ಲ ತಪ್ಪಾದರೂ 472 ಕೊಡುವ ಉದಾರತೆ ನಮ್ಮ ಪಿಯುಸಿ ಬೋರ್ಡಿಗೆ ಇನ್ನೂ ಹೊಳೆದಿಲ್ಲ. ಜೋಡರ್ಜಿಗೆ ಬಂದದ್ದು 503. ಎಂ.ಡಿ. ಸೇರುವವರ ಸರಾಸರಿ 511ರ ಮೇಲೆ, ಪೊಡಿಯಾಟ್ರಿಯವರದು 500ರ ಕೆಳಗೆ. ಹಾಗಾಗಿ ಇವನ ಅಂಕ ಒಂದು ಕಡೆಗೆ ಸಾಲದು, ಇನ್ನೊಂದು ಕಡೆಗೆ ಅನುಮಾನ ಹುಟ್ಟುವಷ್ಟು ಜಾಸ್ತಿ.

ಅಪ್ಪ ಸಾಫ್ಟ್‌ವೇರಿನವರು, ಎಕ್ಸೆಲ್ ಹಾಳೆ ಮಾಡಿಟ್ಟಿದ್ದಾರೆ. ಎಂ.ಡಿ. ಹಸಿರು, ಪೊಡಿಯಾಟ್ರಿ ಹಳದಿ. ಇಡೀ ದೇಶಕ್ಕೆ ಪೊಡಿಯಾಟ್ರಿ ಕಾಲೇಜುಗಳು ಹನ್ನೊಂದೇ ಆದ್ದರಿಂದ ಹಳದಿ ಬೇಗ ಮುಗಿಯಿತು. ಒಂದು ಹೆಸರಿನ ಹತ್ತಿರ ಮಾತ್ರ ಅಪ್ಪ ತಡೆದರು. ಇಲಿನಾಯ್‌ನ ಆ ಕಾಲೇಜಿಗೆ, 1912ರಲ್ಲಿ ಅದನ್ನು ಕಟ್ಟಿದ ವಿಲಿಯಂ ಶೋಲ್ ಹೆಸರಿದೆ.

“ಇವ್ರು ಫಾರ್ಮಸೀಲಿ ಇನ್‌ಸೋಲ್ ಸಿಗತ್ತಲ್ಲ, ಆ ಡಾಕ್ಟರ್ ಶೋಲ್ ಅಲ್ವೇನೋ?”

“ಅವ್ರೇ ಅಪ್ಪಾ.”

ಅಪ್ಪ ಸ್ವಲ್ಪ ಹೊತ್ತು ಯೋಚಿಸಿ, ಷರಾ ಕಾಲಮ್ಮಿನಲ್ಲಿ ‘ಬ್ರ್ಯಾಂಡ್ ಇದೆ’ ಎಂದು ಟೈಪ್ ಮಾಡಿದರು. ಹಾಳೆಯಲ್ಲಿ ರಾಜ್ಯಕ್ಕೂ ಒಂದು ಕಾಲಮ್ಮು ಬೇಕಾಯಿತು. ಪಾದದ ವೈದ್ಯ ಎಲ್ಲಿಯವರೆಗೆ ಚಾಕು ಹಾಕಬಹುದು ಎಂಬುದಕ್ಕೆ ರಾಜ್ಯಕ್ಕೊಂದು ಕಾನೂನು: ಒಂದು ಕಡೆ ಪಾದದ ಕೀಲಿಗೆ ಗಡಿ, ಇನ್ನೊಂದು ಕಡೆ ಅದರಿಂದ ಮೇಲಕ್ಕೂ ಪರವಾನಗಿ. ಬೆಳಗಾವಿ ಗಲಾಟೆ ಕೇಳುತ್ತ ಬೆಳೆದ ಅಪ್ಪನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಅಮ್ಮ ಎಲ್ಲರಿಗೂ “ಡಾಕ್ಟರ್ ಓದ್ತಾನೆ” ಅನ್ನುತ್ತಾರೆ. ಯಾವ ಡಾಕ್ಟರ್ ಎಂಬ ಪ್ರಶ್ನೆ ಬರುವಷ್ಟರಲ್ಲಿ ಕಾಫಿ ಬಂದಿರುತ್ತದೆ. ಅವರು ಹೇಳುವುದರಲ್ಲಿ ತಪ್ಪಿಲ್ಲ. ಅಮೆರಿಕದ ಮೆಡಿಕೇರ್ ಎಂಬ ಸರ್ಕಾರಿ ಆರೋಗ್ಯ ವಿಮೆಯ ಕಾನೂನೇ ಪೊಡಿಯಾಟ್ರಿಸ್ಟನನ್ನು ವೈದ್ಯರ ಸಾಲಿಗೆ ಸೇರಿಸಿದೆ. ಆದರೆ ಶಿವಮೊಗ್ಗದ ದೊಡ್ಡಮ್ಮ ಮೆಡಿಕೇರ್ ಕಾನೂನು ಓದಿದವರಲ್ಲ. “ಕಾಲೊಂದಕ್ಕೇ ಏಳು ವರ್ಷಾನಾ?” ಎಂದು ಫೋನಿನಲ್ಲಿ ಕೇಳಿದರು. “ಮೈಯಲ್ಲಿರೋ 206 ಮೂಳೇಲಿ 52 ಎರಡು ಪಾದದಲ್ಲೇ ಇದೆ ದೊಡ್ಡಮ್ಮಾ” ಎಂದ ಇವನು. “ಅಷ್ಟು ಓದೋನು ಮಿಕ್ಕಿದ್ದನ್ನೂ ಓದಿ ಮುಗಿಸ್ಬಿಡು ಪುಟ್ಟಾ” ಎಂದರು ದೊಡ್ಡಮ್ಮ.

ನಿಜವಾದ ಪೀಕಲಾಟ ಪ್ರಬಂಧದ್ದು. ಎಂ.ಡಿ. ಅರ್ಜಿಯಲ್ಲಿ, ವೈದ್ಯನೇ ಯಾಕಾಗಬೇಕು ಎಂದು 5,300 ಅಕ್ಷರಗಳೊಳಗೆ ಬರೆಯಬೇಕು. ಖಾಲಿ ಜಾಗವೂ ಲೆಕ್ಕಕ್ಕೆ ಬರುತ್ತದೆ. ಪೊಡಿಯಾಟ್ರಿ ಅರ್ಜಿ ಬೇರೆ ಸಂಸ್ಥೆಯದು, ಬೇರೆ ಪೋರ್ಟಲ್ಲು. ಅಲ್ಲಿ ಪಾದವೇ ಯಾಕೆ ಎಂದು ಹೇಳಬೇಕು. ಎರಡೂ ಕಡೆ ಚಿಕ್ಕಂದಿನಿಂದಲೂ ಇದೊಂದೇ ಕನಸು ಎನ್ನಬೇಕು. ಚಿಕ್ಕಂದು ಇದ್ದದ್ದು ಒಂದೇ, ಅಜ್ಜಿಯೂ ಒಬ್ಬರೇ. ಪಾಪ, ಹಾಸನದ ಅಜ್ಜಿ ಎರಡು ಕಡೆ ಡ್ಯೂಟಿ ಮಾಡಬೇಕಾಯಿತು. ಒಂದು ಪ್ರಬಂಧದಲ್ಲಿ ಎದೆ ಹಿಡಿದುಕೊಂಡು ಕೂತರು, ಇನ್ನೊಂದರಲ್ಲಿ ಸಕ್ಕರೆ ಕಾಯಿಲೆಯ ಹುಣ್ಣಾದ ಪಾದ ಚಾಚಿಕೊಂಡು ಕೂತರು.

“ನಂಗೆ ಹಾರ್ಟಿಂದು ಯಾವಾಗ ಬಂದಿತ್ತೋ?” ಎಂದರು, ವಾಟ್ಸಾಪಿನಲ್ಲಿ ವಿಷಯ ತಿಳಿದು.

“ಬಂದಿರ್ಲಿಲ್ಲ ಅಜ್ಜಿ, ಗ್ಯಾಸ್ಟ್ರಿಕ್ ಆಗಿತ್ತು. ಆದ್ರೆ ನಂಗೆ ಭಯ ಆಗಿತ್ತಲ್ಲ?”

ಭಯವಾದದ್ದು ನಿಜ. ಜೋಡರ್ಜಿ ಸುಳ್ಳು ಬರೆಯುವವನಲ್ಲ. ನಿಜವನ್ನು ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿಬಿಡುತ್ತಾನೆ, ಅಷ್ಟೆ. ಒಂದು ಸಲ ಮಾತ್ರ ಎಡವಟ್ಟಾಯಿತು. ಮಧ್ಯರಾತ್ರಿ ಕಳೆದ ಮೇಲೆ ಒಂದು ಪ್ಯಾರಾ ಎತ್ತಿ ಇನ್ನೊಂದು ಪ್ರಬಂಧಕ್ಕೆ ಹಾಕುತ್ತ, ‘ಹೃದಯ’ ಇದ್ದಲ್ಲೆಲ್ಲ ‘ಪಾದ’ ಮಾಡು ಎಂದು ಕಂಪ್ಯೂಟರಿಗೆ ಅಪ್ಪಣೆ ಕೊಟ್ಟ. ಅದು ಚಾಚೂ ತಪ್ಪದೆ ಮಾಡಿತು. ‘ಆ ಮುದುಕಿಯ ಕಣ್ಣೀರು ಕಂಡು ನನ್ನ ಪಾದ ಕರಗಿಹೋಯಿತು’ ಎಂಬ ಸಾಲು ಬೆಳಿಗ್ಗೆ ಅಕ್ಕನ ಕಣ್ಣಿಗೆ ಬಿದ್ದದ್ದು ಅವನ ಪುಣ್ಯ.

ಪೊಡಿಯಾಟ್ರಿಗೆ ಪಾದದ ವೈದ್ಯರದೇ ಶಿಫಾರಸು ಪತ್ರ ಇದ್ದರೆ ತೂಕ. ಅದೊಂದು ಪತ್ರದ ಆಸೆಗೆ ಒಬ್ಬರ ಕ್ಲಿನಿಕ್ಕಿಗೆ ನೋಡಿ ಕಲಿಯಲು ಹೋದ. ದೊಡ್ಡಾಸ್ಪತ್ರೆಯಲ್ಲಿ ಹೀಗೆ ಹೋದಾಗ ಗೋಡೆಗೆ ಅಂಟಿಕೊಂಡು ನಿಂತು ತಜ್ಞರ ಬೆನ್ನು ನೋಡಿ ಬಂದಿದ್ದ. ಇಲ್ಲಿ ಡಾಕ್ಟರು ಕೈಗೆ ಒಂದು ನೈಲಾನ್ ಎಳೆ ಕೊಟ್ಟರು. ಹತ್ತು ಗ್ರಾಂ ಒತ್ತಡಕ್ಕೆ ಬಾಗುವ ಎಳೆ. ಡಯಾಬಿಟಿಸ್ ಇರುವವರು ಕಣ್ಣು ಮುಚ್ಚಿಕೊಳ್ಳಬೇಕು, ಅಂಗಾಲಿನ ಮೇಲೆ ಅಲ್ಲಲ್ಲಿ ಎಳೆ ಬಾಗುವಷ್ಟು ಒತ್ತಿದಾಗ ತಿಳಿದರೆ ಹೇಳಬೇಕು. ಒಬ್ಬ ಹಿರಿಯರು ಕಣ್ಣು ಮುಚ್ಚಿ ಕಾಯುತ್ತಲೇ ಇದ್ದರು. ಇವನು ಒತ್ತಿ, ಒತ್ತಿ, ಮತ್ತೆ ಒತ್ತಿದ. “ಶುರು ಮಾಡಿ, ಪರವಾಗಿಲ್ಲ” ಎಂದರು ಅವರು ನಗುತ್ತ. ಅವತ್ತು ಮನೆಗೆ ಬಂದು ಊಟಕ್ಕೂ ಏಳದೆ ನರಗಳ ಬಗ್ಗೆ ಓದುತ್ತ ಕೂತನಂತೆ. ನನ್ನನ್ನು ಕೇಳಿದರೆ ಅವನಿಗೆ ವೈದ್ಯಕೀಯ ಹತ್ತಿದ್ದು ಅವತ್ತೇ. ಆದರೆ ಇದನ್ನು ಅವನು ಎರಡು ಪ್ರಬಂಧದಲ್ಲಿ ಒಂದರಲ್ಲೂ ಬರೆದಿಲ್ಲ. ಅಷ್ಟು ಹೊತ್ತಿಗೆ ಎರಡೂ ಕಳಿಸಿಯಾಗಿತ್ತು.

ಸಂದರ್ಶನದಲ್ಲಿ ಕೇಳುವ ಪ್ರಶ್ನೆ ಎಲ್ಲರಿಗೂ ಗೊತ್ತು: ಮೆಡಿಕಲ್‌ಗೂ ಹಾಕಿದ್ದೀರಾ? ಇಲ್ಲ ಅನ್ನು ಎಂದರು ಅಪ್ಪ. ಹೌದು ಅನ್ನು ಎಂದಳು ಅಕ್ಕ. ಇವನು ಕನ್ನಡಿ ಮುಂದೆ ನಿಂತು ಮಧ್ಯದ ದಾರಿ ಹುಡುಕಿದ: “ಪಾದ ಅಂದ್ರೆ ದೇಹಕ್ಕೇ ಸೇರಿದ್ದಲ್ವಾ ಸಾರ್, ಹಾಗಾಗಿ ದೇಹದ ಮೇಲೂ ಆಸಕ್ತಿ ಇದೆ.” ಕೇಳಿದವರು ನಕ್ಕು ಮುಂದಿನ ಪ್ರಶ್ನೆಗೆ ಹೋದರಂತೆ. ಇಂಥ ಎಷ್ಟು ಮಧ್ಯದ ದಾರಿ ನೋಡಿದ್ದಾರೋ.

ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯದ ಪೊಡಿಯಾಟ್ರಿ ಶಾಲೆಯಲ್ಲಿ ಒಂದು ಪಾದರಕ್ಷೆಗಳ ಮ್ಯೂಸಿಯಮ್ಮೇ ಇದೆ. ನ್ಯೂಜೆರ್ಸಿಯ ಇವರ ಮನೆಯಿಂದ ಹೆಚ್ಚು ದೂರವಿಲ್ಲ, ಅಪ್ಪ ಅಮ್ಮ ಇಬ್ಬರೂ ನೋಡಲು ಹೊರಟರು. ಗಾಜಿನ ಪೆಟ್ಟಿಗೆಯ ಒಳಗೆ ಜೋಡಿ ಜೋಡಿ ಕೂತಿದ್ದ ಚಪ್ಪಲಿ, ಬೂಟುಗಳನ್ನು ಕಂಡು ಅಮ್ಮ ಅಂದದ್ದು ಇಷ್ಟೇ: “ಎಲ್ಲಾ ಒಳಗಡೇನೇ ಇಟ್ಕೊಂಡಿದಾರಲ್ರೀ!”

ಯುಗಾದಿ ಊಟದ ಹೊತ್ತಿಗೆ ಒಂದು ಎಂ.ಡಿ. ಕಾಲೇಜಿನ ವೇಟಿಂಗ್ ಲಿಸ್ಟಿನಲ್ಲಿ ಹೆಸರಿತ್ತು, ಒಂದು ಪೊಡಿಯಾಟ್ರಿ ಕಾಲೇಜಿನಿಂದ ಸೀಟಿನ ಪತ್ರ ಬಂದಿತ್ತು. ಒಬ್ಬಟ್ಟಿನ ಸಾಲಿನಲ್ಲಿ ನಿಂತಿದ್ದಾಗ ಹಿಂದಿನಿಂದ ಹೆಗಲ ಮೇಲೆ ಕೈ ಬಿತ್ತು. ಕೂಟದ ಹಿರಿಯರೊಬ್ಬರು, ಸಿಲ್ಕ್ ಪಂಚೆ, ಅದರ ಕೆಳಗೆ ಬಿಳಿ ಸಾಕ್ಸು.

“ಏನಪ್ಪಾ, ಕಾಲಿಂದು ಓದ್ತೀಯಂತೆ? ಬೆಳಿಗ್ಗೆ ಎದ್ದು ಮೊದಲನೇ ಹೆಜ್ಜೆ ಇಟ್ರೆ ಹಿಮ್ಮಡಿ ಪ್ರಾಣ ಹೋಗತ್ತೆ ಕಣೋ.”

ಅಮ್ಮ ದೂರದಿಂದ ಕಣ್ಣಲ್ಲೇ ಬೇಡ ಅಂದರು. ಅಷ್ಟರಲ್ಲಿ ಅಂಕಲ್ಲು ಕುರ್ಚಿ ಎಳೆದು ಕೂತು ಒಂದು ಸಾಕ್ಸು ಬಿಚ್ಚಿಯಾಗಿತ್ತು. ಜೋಡರ್ಜಿ ತಟ್ಟೆ ಬದಿಗಿಟ್ಟು ಮಂಡಿಯೂರಿದ. ಹಿಮ್ಮಡಿ ಒತ್ತಿದ, ಬೆರಳ ಸಂದಿ ಬಿಡಿಸಿ ನೋಡಿದ.

“ಶುಗರ್ ಇದೆಯಾ ಅಂಕಲ್?”

“ಹದಿನೈದು ವರ್ಷದಿಂದ.”

“ಮನೆಯೊಳಗೆ ಬರಿಗಾಲಲ್ಲಿ ಓಡಾಡ್ತೀರಾ?”

“ಮತ್ತೆ? ದೇವರ ಮನೆಗೆ ಬೂಟ್ ಹಾಕ್ಕೊಂಡು ಹೋಗ್ಲಾ?”

“ಒಳಗಡೆ ಹಾಕೋಕೇ ಅಂತ ಬೇರೆ ಚಪ್ಪಲಿ ಇಟ್ಕೊಳ್ಳಿ. ಏನಾದ್ರೂ ಚುಚ್ಚಿದ್ರೆ ನಿಮಗೆ ಗೊತ್ತಾಗದೇ ಹೋಗ್ಬಹುದು. ನಾನಿನ್ನೂ ಓದಿಲ್ಲ, ಡಾಕ್ಟ್ರಿಗೆ ಒಂದ್ಸಲ ತೋರಿಸ್ಲೇಬೇಕು.”

ಸುತ್ತ ಇನ್ನೂ ನಾಲ್ಕು ಜನ ಸೇರಿದ್ದರು. ಒಬ್ಬರು ಆಗಲೇ ಶೂ ದಾರ ಬಿಚ್ಚುತ್ತಿದ್ದರು. ಎಂ.ಡಿ. ಓದುತ್ತಿದ್ದ ಇನ್ನೊಬ್ಬ ಹುಡುಗ ಪಕ್ಕದಲ್ಲೇ ಕೂತು, ಯಾರ ಕಾಟವೂ ಇಲ್ಲದೆ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದ.

“ಜಾಣ ಕಣಯ್ಯಾ ನೀನು” ಎಂದರು ಅಂಕಲ್. “ಅಂದಹಾಗೆ ಇದೋ, ಮೆಡಿಕಲ್ಲೋ? ಸರಿಯಾಗಿ ಹೇಳು.”

“ಎರಡೂ ಅಂಕಲ್” ಎಂದ ಜೋಡರ್ಜಿ, ಪಾದದಿಂದ ತಲೆ ಎತ್ತದೆ.

“ಎರಡೂ ನೋಡ್ಬೇಕಾ? ಮೊದಲೇ ಹೇಳ್ಬಾರ್ದಾ!” ಎಂದು ಅಂಕಲ್ಲು ಇನ್ನೊಂದು ಸಾಕ್ಸನ್ನೂ ಬಿಚ್ಚಿದರು.