ಮನೆಗೆ ಎಂಜಿನ್ನೋ, ಎಂಜಿನ್ನಿಗೆ ಮನೆಯೋ

ಅಮೆರಿಕದಲ್ಲಿ ಚಕ್ರದ ಮೇಲಿನ ಮನೆಯೊಂದಿಗೆ ಕ್ಯಾಂಪಿಂಗ್‌ಗೆ ಹೊರಡುವ ಕನ್ನಡ ಸಂಸಾರಕ್ಕೆ ದಾರಿ ಎರಡು: ಎಂಜಿನ್ ಒಳಗೇ ಇರುವ ಮೋಟರ್‌ಹೋಮ್, ಇಲ್ಲವೇ ಪಿಕಪ್ ಟ್ರಕ್ ಎಳೆಯುವ ಟ್ರೇಲರ್. ಮೋಟರ್‌ಹೋಮ್‌ಗಳಲ್ಲಿ ಮೂರು ವರ್ಗ. ಬಸ್ಸಿನಷ್ಟು ದೊಡ್ಡದು ಎ, ವ್ಯಾನಿನಷ್ಟು ಚಿಕ್ಕದು ಬಿ, ನಡುವಿನದು ಸಿ. ಈ ಅನುಕ್ರಮದ ತರ್ಕ ಕೇಳಬಾರದು.

“ಮೋಟರ್‌ಹೋಮೇ ತಗೊಳ್ಳೋಣ ಕಣೇ. ನಿಲ್ಲಿಸಿದಲ್ಲೇ ಮನೆ.”

“ಹಾಲು ಮುಗಿದರೆ?”

“ಹಿಂದೆ ಒಂದು ಸಣ್ಣ ಕಾರು ಕಟ್ಟಿಕೊಳ್ಳೋದು.”

“ಅಲ್ಲಿಗೆ ಎಳೆಯೋದು ತಪ್ಪಲಿಲ್ಲ. ಎಂಜಿನ್ ಕೆಟ್ಟರೆ?”

“ಗ್ಯಾರೇಜಿಗೆ ಬಿಡೋದು.”

“ಮನೆ ಸಮೇತ! ಮಲಗೋದೆಲ್ರೀ?”

ಟ್ರೇಲರನ್ನಾದರೆ ಬಿಚ್ಚಿಟ್ಟು ಟ್ರಕ್ಕಿನಲ್ಲೇ ಹಾಲಿಗೆ ಹೋಗಬಹುದು. ಆದರೆ ಅದರ ತೂಕದ ಶೇ. 10ರಿಂದ 15ರಷ್ಟು ಕೊಂಡಿಯ ಮೇಲೆ ಕೂರಬೇಕು. ಕಡಿಮೆಯಾದರೆ ಹೆದ್ದಾರಿಯಲ್ಲಿ ಬಾಲ ಅಲ್ಲಾಡುತ್ತದೆ. ರಿವರ್ಸ್ ತೆಗೆಯುವಾಗ ಸ್ಟಿಯರಿಂಗ್ ಎಡಕ್ಕೆ ತಿರುಗಿಸಿದರೆ ಟ್ರೇಲರಿನ ಹಿಂಭಾಗ ಬಲಕ್ಕೆ ಹೊರಳುತ್ತದೆ.

“ಎಡಕ್ಕೆ ರೀ, ಎಡಕ್ಕೆ!”

“ಯಾರ ಎಡ?”