ವೈಕಿಂಗ್ ಕಾಲದ ಕಚ್ಚುವ ಮೃಗವನ್ನು ಕಸೂತಿಯಲ್ಲಿ ದಿಂಬಿನ ಮೇಲೆ ಕೂರಿಸುವ ಸುಲಭ ವಿಧಾನ

ಬೇಕಾಗುವ ಸಾಮಾನು: ಒಂದು ಮೊಳ ಉಣ್ಣೆ ಬಟ್ಟೆ, ಎರಡು ಬಣ್ಣದ ಉಣ್ಣೆ ದಾರ, ಸೂಜಿ, ಪೆನ್ಸಿಲ್ಲು, ಧಾರಾಳವಾಗಿ ರಬ್ಬರು.

ಕೊಂಬಿನ ಟೋಪಿ ತೊಟ್ಟ ವೈಕಿಂಗನ ಚಿತ್ರ ಮೇಜಿನ ಮೇಲಿದ್ದರೆ ಮೊದಲು ಆಚೆ ಇಡಿ. ಆ ಕೊಂಬುಗಳು ಊರೆಲ್ಲ ಹಬ್ಬಿದ್ದು 1876ರಲ್ಲಿ ಜರ್ಮನ್ ಸಂಗೀತಕಾರ ವಾಗ್ನರನ ಸಂಗೀತನಾಟಕಕ್ಕೆ ಕಾರ್ಲ್ ಎಮಿಲ್ ಡೋಪ್ಲರ್ ಉಡುಪು ರಚಿಸಿದ ಮೇಲೆ. ಹಚ್ಚೆ ಅಂಗಡಿಗಳ ಅಚ್ಚುಮೆಚ್ಚಿನ ‘ವೈಕಿಂಗ್ ದಿಕ್ಸೂಚಿ’ಯನ್ನೂ ಜೊತೆಗೇ ಸಾಗಹಾಕಿ, ಅದು ಸಿಗುವುದು 19ನೇ ಶತಮಾನದ ಐಸ್‌ಲ್ಯಾಂಡಿನ ಹಸ್ತಪ್ರತಿಯಲ್ಲಿ.

ಈಗ ಮೃಗವನ್ನು ಹಿಡಿಯಿರಿ. ನಾರ್ವೆಯ ಉರ್ನೆಸ್‌ನ ಮರದ ಚರ್ಚಿನ ಉತ್ತರ ಬಾಗಿಲ ಬಳಿ, ಸುಮಾರು 1070ರಲ್ಲಿ ಕೆತ್ತಿದ ಮೃಗವೊಂದು ನಿಂತಿದೆ. ಸಣಕಲು. ಅದು ಹಾವನ್ನು ಕಚ್ಚಿದೆ, ಹಾವು ಅದನ್ನು ಕಚ್ಚಿದೆ, ಇಬ್ಬರ ಮುಖದಲ್ಲೂ ಸಿಟ್ಟಿಲ್ಲ. ಸಿಂಹವೆಂದು ಕೆಲವು ವಿದ್ವಾಂಸರು, ಜಿಂಕೆಯೆಂದು ಇನ್ನು ಕೆಲವರು. ನೀವು ನಾಯಿ ಅಂದರೂ ಯಾರೂ ದಂಡ ಹಾಕುವುದಿಲ್ಲ.

ನಕ್ಷೆ ಎತ್ತಿಕೊಳ್ಳುವಾಗ ಗೆರೆಯ ದಪ್ಪದ ಮೇಲೆ ಕಣ್ಣಿರಲಿ. ಮೃಗದ ಮೈ ಅಗಲ, ಹಾವಿನದು ಸಪೂರ. ಎರಡನ್ನೂ ಒಂದೇ ದಪ್ಪ ಮಾಡಿದರೆ ಸಿಗುವುದು ಶ್ಯಾವಿಗೆ. ಕಣ್ಣು ಬಾದಾಮಿಯಾಕಾರ, ಮೊನೆ ಮೂತಿಯ ಕಡೆಗೆ. ಸಂಕೋಚವಿಲ್ಲದೆ ದೊಡ್ಡದಾಗಿಯೇ ಬರೆಯಿರಿ.

ಮುಂದಿನದು ಸಂಸಾರ ಒಡೆಯುವ ಹಂತ. ಒಂದು ದಾಟಿನಲ್ಲಿ ಮೇಲೆ ಹೋದ ಗೆರೆ ಮುಂದಿನ ದಾಟಿನಲ್ಲಿ ಕೆಳಗೆ ಹೋಗಬೇಕು. ಮರದಲ್ಲಾದರೆ ಉಳಿಯಿಂದ ತಗ್ಗು ತೋಡಬಹುದು. ಬಟ್ಟೆಯಲ್ಲಿ ತಗ್ಗೆಲ್ಲಿ? ಕೆಳಗಿನ ಗೆರೆಯ ದಾರವನ್ನು ಬಟ್ಟೆಯ ಹಿಂದಕ್ಕೆ ಮುಳುಗಿಸಿ, ಮೇಲಿನ ಗೆರೆಯನ್ನು ದಾಟಿಸಿ ಆಚೆ ಬದಿಯಲ್ಲಿ ಎಬ್ಬಿಸಬೇಕು. ಎರಡೂ ಕಡೆ ಕೂದಲೆಳೆಯಷ್ಟು ಜಾಗ ಬಿಡಬೇಕು. ಆ ಖಾಲಿ ಜಾಗವೇ ತಗ್ಗಿನ ಭ್ರಮೆ ಹುಟ್ಟಿಸುವುದು. ಆದ್ದರಿಂದ ಸೂಜಿ ಮುಟ್ಟುವ ಮುನ್ನವೇ ಪ್ರತಿ ದಾಟಿಗೂ ಪೆನ್ಸಿಲ್ ಗುರುತು ಹಾಕಿ. ಈ ಹೊತ್ತಿನಲ್ಲಿ ಮನೆಯವರು ಯಾರಾದರೂ ‘ಕಾಫಿ ಬೇಕಾ?’ ಎಂದರೆ ಉತ್ತರಿಸಬೇಡಿ, ಎಣಿಕೆ ತಪ್ಪುತ್ತದೆ.

ಹೊಲಿಗೆಗೆ ಸ್ಟೆಮ್ ಸ್ಟಿಚ್ ಸಾಕು. ಇದು ಸೋಮಾರಿಯ ಸಲಹೆಯಲ್ಲ. ಡೆನ್ಮಾರ್ಕಿನ ಮಾಮೆನ್ ಬಳಿ ಸುಮಾರು 970ರಲ್ಲಿ ಮಣ್ಣು ಮಾಡಿದ ಸಿರಿವಂತನೊಬ್ಬನ ಸಮಾಧಿ 1868ರಲ್ಲಿ ಹೊರಬಿತ್ತು. ಅಲ್ಲಿನ ಉಣ್ಣೆ ಬಟ್ಟೆಯ ತುಣುಕುಗಳ ಮೇಲೆ ಚಿರತೆ, ಮನುಷ್ಯಮುಖಗಳು ಮೂಡಿರುವುದು ಇದೇ ಹೊಲಿಗೆಯಲ್ಲಿ. ಬಳುಕುವ ಗೆರೆಯ ಬೆನ್ನು ಹತ್ತಲು ಇದಕ್ಕಿಂತ ವಿಧೇಯ ಹೊಲಿಗೆ ಬೇರಿಲ್ಲ. ಒಳಗೆಲ್ಲ ಸ್ಯಾಟಿನ್ ಸ್ಟಿಚ್ ತುಂಬಿ ಮೃಗವನ್ನು ಕೊಬ್ಬಿಸಬೇಡಿ, ಮಿಣುಕು ಚಮಕಿಯಂತೂ ಬೇಡವೇ ಬೇಡ.

ಎಲ್ಲ ಮುಗಿದ ಮೇಲೆ ಯಜಮಾನನಿಲ್ಲದ ಕಾಲೊಂದು ಉಳಿದರೆ ಗಾಬರಿ ಬೇಡ. ತುದಿಗೊಂದು ಕಣ್ಣಿಟ್ಟು ಹಾವು ಮಾಡಿ. ಹಾವು ಹೆಚ್ಚಾಯಿತು ಅನ್ನಿಸಿದರೆ, ಪಕ್ಕದಲ್ಲಿ ಯಾರಿದ್ದಾರೋ ಅವರನ್ನು ಕಚ್ಚಿಸಿ.