ಎಡಿಸನ್ನಿನಲ್ಲಿ ಮಾರ್ಜಾಲ ನ್ಯಾಯ

ಅಮೆರಿಕದ ಪಶುವೈದ್ಯರ ಕಡತದಲ್ಲಿ ಬೆಕ್ಕಿನ ಹೆಸರಿನ ಜೊತೆಗೆ ಮನೆಯವರ ಅಡ್ಡಹೆಸರೂ ಇರುತ್ತದೆ. ಹಾಗಾಗಿ ನ್ಯೂಜೆರ್ಸಿಯ ಎಡಿಸನ್ನಿನ ಕ್ಲಿನಿಕ್ಕೊಂದರಲ್ಲಿ ನರ್ಸಮ್ಮ ಬಾಗಿಲು ತೆರೆದು "ಪೂಲಿಯೊಗಾರೇ ಅಯೆಂಗಾರ್!" ಎಂದು ಕೂಗಿದರೆ, ಬುಟ್ಟಿ ಎತ್ತಿಕೊಂಡು ಏಳಬೇಕಾದವರು ನಾವು. ಕಂದು ಕಪ್ಪು ಬೆರೆತ ಮೈ, ನಡುನಡುವೆ ಒಗ್ಗರಣೆಯ ಕಡಲೆಬೇಳೆಯಂತೆ ಹೊಂಬಣ್ಣದ ಚುಕ್ಕೆ. ಮೇಲುಕೋಟೆ ಮೂಲದ ಮನೆಯಲ್ಲಿ ಇಂಥ ಬೆಕ್ಕಿಗೆ ಬೇರೆ ಹೆಸರು ಹೊಳೆಯುವುದಾದರೂ ಹೇಗೆ? ಕರೆಯುವಾಗ ಪುಳಿ. ಮೈಸೂರಿನಿಂದ ವಿಸಿಟರ್ ವೀಸಾದ ಮೇಲೆ ಬಂದಿಳಿದ ಅತ್ತೆ, ಅವಳ ಔಷಧಿಯ ಸೀಸೆ ಎತ್ತಿಕೊಂಡು, ಕನ್ನಡಕ ಏರಿಸಿ ಓದಿದರು. ಮೊದಲ ಸಾಲಿನಲ್ಲಿ ಅಯ್ಯಂಗಾರ್. ಎರಡನೆಯ ಸಾಲಿನಲ್ಲಿ ಕೋಳಿಯ ರುಚಿ. ಸೀಸೆಯನ್ನು ಇದ್ದಲ್ಲೇ ಇಟ್ಟು, ಕೈ ತೊಳೆದುಕೊಂಡು ಬಂದು ಹೇಳಿದರು: "ನೋಡಮ್ಮ, ಬೆಕ್ಕು ಏನು ಬೇಕಾದರೂ ತಿನ್ನಲಿ, ಅದರ ಹಣೆಬರಹ. ನಿಮ್ಮ ಮಾವನವರ ಹೆಸರು ಯಾಕೆ ಬೇಕಿತ್ತು ಅದಕ್ಕೆ?"

ಅತ್ತೆಯ ಮನಸ್ಸು ಕರಗಿದ್ದು ಇನ್ನೊಂದು ಸಂಗತಿ ತಿಳಿದ ಮೇಲೆ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿಗೆ ವಿಷ. ರಕ್ತದ ಕೆಂಪು ಕಣಗಳನ್ನೇ ಒಡೆದುಹಾಕುತ್ತವೆ. "ಇಷ್ಟು ವರ್ಷ ಈ ಮನೆಯಲ್ಲಿ ನಾನೊಬ್ಬಳೇ ಹೇಳ್ತಿದ್ದೆ. ಈಗ ಬೆಕ್ಕೂ ಹೇಳ್ತಿದೆ" ಎಂದು ಪ್ಯಾಂಟ್ರಿಯಲ್ಲಿದ್ದ ನನ್ನ ಈರುಳ್ಳಿ ಬುಟ್ಟಿಯ ಕಡೆ ನೋಡಿದರು. ಅಂದಿನಿಂದ ಮಡಿಬಟ್ಟೆಯ ಹತ್ತಿರ ಹೋಗುವುದೊಂದನ್ನು ಬಿಟ್ಟು ಉಳಿದೆಲ್ಲ ಸ್ವಾತಂತ್ರ್ಯ ಪುಳಿಗೆ ಸಿಕ್ಕಿತು.

ಮಾವನವರ ತಕರಾರು ಬೇರೆ ಥರದ್ದು. ಅವರು ಮಂಡ್ಯದ ಕಡೆ ವಿಶ್ವೇಶ್ವರಯ್ಯ ನಾಲೆಯ ಮೇಲೆ ದುಡಿದು ನಿವೃತ್ತರಾದ ಇಂಜಿನಿಯರ್. ಪುಳಿಯನ್ನು ಆಶ್ರಯಧಾಮದಿಂದ ತರುವಾಗ ಅವಳನ್ನು ಹೊಸ್ತಿಲು ದಾಟಿಸುವುದಿಲ್ಲ ಎಂದು ನಾವು ಮುಚ್ಚಳಿಕೆ ಬರೆದುಕೊಟ್ಟದ್ದು ಅವರಿಗೆ ಅರ್ಥವೇ ಆಗಲಿಲ್ಲ. ಕಾರುಗಳ ಹಾವಳಿ ಹೇಳಿದೆ, ಕೊಯೊಟಿಗಳನ್ನು ಹೇಳಿದೆ. ಕೊನೆಗೆ ಹಕ್ಕಿಗಳ ಲೆಕ್ಕ ಹೇಳಿದೆ: ಅಮೆರಿಕದ ಬೆಕ್ಕುಗಳು ವರ್ಷಕ್ಕೆ 130ರಿಂದ 400 ಕೋಟಿ ಹಕ್ಕಿಗಳನ್ನು ಮುಗಿಸುತ್ತವೆಂದು 2013ರಲ್ಲಿ ಸ್ಮಿತ್ಸೋನಿಯನ್ ಸಂಸ್ಥೆಯ ವಿಜ್ಞಾನಿಗಳೂ ಸೇರಿ ಅಂದಾಜು ಮಾಡಿದ್ದಾರೆ, ಅದರಲ್ಲಿ ಹೆಚ್ಚಿನ ಪಾಲು ಯಜಮಾನರಿಲ್ಲದ ಬೆಕ್ಕುಗಳದ್ದು. ಅಂಕಿ ಕೇಳಿದ ಮೇಲೆ ಅವರು ತಲೆಯಾಡಿಸಿದರು. ಅಂಕಿಗೆ ಅವರು ಯಾವತ್ತೂ ಗೌರವ ಕೊಡುವವರು.

"ಸರಿಯಮ್ಮ, ಒಪ್ಪಿದೆ. ಹಾಗಾದರೆ ಇದು ಇಡೀ ದಿನ ಮಾಡೋದೇನು?"

ಪ್ರಶ್ನೆ ನ್ಯಾಯವಾದದ್ದೇ. ಊರಿನಲ್ಲಿ ಬೆಕ್ಕಿಗೆ ಉದ್ಯೋಗವಿತ್ತು. ಅಟ್ಟ, ಕಣಜ, ಇಲಿ, ರಾತ್ರಿ ಪಾಳಿ, ಸಂಬಳ ಒಂದು ಚಿಪ್ಪು ಹಾಲು. ಇಲ್ಲಿಯ ಬೆಕ್ಕನ್ನು ಪೂರ್ತಿ ಮನೆವಾಸಿಯನ್ನಾಗಿ ಮಾಡಿದ್ದು ಜೇಡಿಮಣ್ಣು. 1947ರಲ್ಲಿ ಮಿಶಿಗನ್ನಿನ ಎಡ್ ಲೋ ಎಂಬಾತ, ಎಣ್ಣೆ ಚೆಲ್ಲಿದಾಗ ಹೀರಿಸಲು ಕಾರ್ಖಾನೆಗಳು ಬಳಸುತ್ತಿದ್ದ ಒಣ ಜೇಡಿಮಣ್ಣನ್ನು ನೆರೆಯಾಕೆಯ ಬೆಕ್ಕಿನ ತಟ್ಟೆಗೆಂದು ಕೊಟ್ಟ. ಅದು ವಾಸನೆಯನ್ನೂ ಹೀರಿಕೊಂಡಿತು. ಅದಕ್ಕೆ 'ಕಿಟ್ಟಿ ಲಿಟರ್' ಎಂದು ಹೆಸರಿಟ್ಟು ಚೀಲದಲ್ಲಿ ತುಂಬಿ ಮಾರಿ ಶ್ರೀಮಂತನಾದ. ಅಲ್ಲಿಯವರೆಗೆ ಬೂದಿ, ಮರಳು, ಇಲ್ಲವೇ ಹಿತ್ತಿಲು. ದುಡ್ಡು ಕೊಟ್ಟು ಮಣ್ಣು ತಂದು, ಮತ್ತೆ ದುಡ್ಡು ಕೊಟ್ಟು ಎಸೆಯುವ ಈ ಪದ್ಧತಿಗೆ ಮಾವನವರು ಬೆರಗಾದರು. ಆದರೆ ಸಣ್ಣ ಜರಡಿ ಸೌಟು ಹಿಡಿದು ದಿನಾ ಬೆಳಗ್ಗೆ ಆ ತಟ್ಟೆಯ ಹೂಳೆತ್ತುವ ಕೆಲಸವನ್ನು ತಾವೇ ಕೇಳಿ ಪಡೆದುಕೊಂಡರು. ಸೇವೆಯಲ್ಲಿದ್ದಾಗ ಹೂಳೆತ್ತಲು ಟೆಂಡರು, ಬಿಲ್ಲು, ಆಡಿಟ್ಟು ಎಲ್ಲ ಆಗಬೇಕಿತ್ತಂತೆ. ಇಲ್ಲಿ ಐದೇ ನಿಮಿಷ.

ನಿರುದ್ಯೋಗಿ ಬೆಕ್ಕಿಗೆ ಕೆಲಸ ಒದಗಿಸುವುದೇ ಈ ದೇಶದಲ್ಲಿ ಒಂದು ದೊಡ್ಡ ವ್ಯಾಪಾರ. ನಮ್ಮ ಹಾಲ್‌ನಲ್ಲಿ ಬಟ್ಟೆ ಇಲಿ, ಸ್ಪ್ರಿಂಗು, ಗೆಜ್ಜೆ ಚೆಂಡು, ಸರಸರ ಸದ್ದಿನ ಸುರಂಗ, ಮೂರು ಅಂತಸ್ತಿನ ಮರ, ತಾನೇ ಓಡಾಡುವ ಮೀನು ಎಲ್ಲ ಇವೆ. ಮಗಳು ಚಿಕ್ಕವಳಿದ್ದಾಗ ಅವಳಿಗೂ ಇಷ್ಟು ತಂದಿರಲಿಲ್ಲ. ಪುಳಿ ಎಲ್ಲವನ್ನೂ ಒಮ್ಮೆ ಮೂಸಿ, ಅವು ಬಂದಿದ್ದ ರಟ್ಟಿನ ಡಬ್ಬದಲ್ಲಿ ಹೋಗಿ ಕೂತಳು. ಡಬ್ಬ ಸಿಕ್ಕ ಬೆಕ್ಕುಗಳಿಗೆ ಹೊಸ ಜಾಗದ ದಿಗಿಲು ಬೇಗ ಇಳಿಯುತ್ತದೆಂದು 2014ರಲ್ಲಿ ನೆದರ್ಲೆಂಡ್ಸಿನ ಉಟ್ರೆಕ್ಟ್ ವಿಶ್ವವಿದ್ಯಾಲಯದವರು ತೋರಿಸಿದ್ದಾರೆ. ಡಬ್ಬ ಪುಕ್ಕಟೆ. ಮೀನಿನ ಬಿಲ್ಲು ನನ್ನ ಹತ್ತಿರವಿದೆ.

ಉಗುರು ಪರಚುವ ಕಂಬವನ್ನು ಮಾವನವರು ಹತ್ತಿರ ಹೋಗಿ ನೋಡಿದರು. ಸುತ್ತಿದ್ದ ಹಗ್ಗದ ಒಂದು ಎಳೆ ಬಿಡಿಸಿ, ತೊಡೆಯ ಮೇಲೆ ಹೊಸೆದು, ಬೆಲೆ ಕೇಳಿದರು. ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಇದು ಕತ್ತಾಳೆ ನಾರು. ನಮ್ಮ ಹೊಲದ ಬದುವಿಗೆಲ್ಲ ಕತ್ತಾಳೆಯದೇ ಬೇಲಿ. ಎಮ್ಮೆ ಕಟ್ಟೋ ಹಗ್ಗ ಕಣಮ್ಮ ಇದು!"

ಕಂಬಕ್ಕೆ ಇನ್ನೊಂದು ದೋಷವೂ ಇತ್ತು: ಕುಳ್ಳು, ಮುಟ್ಟಿದರೆ ಅಲ್ಲಾಡುತ್ತಿತ್ತು. ಬೆಕ್ಕು ಪರಚುವುದು ಸೋಫಾದ ಮೇಲಿನ ಹಗೆಯಿಂದಲ್ಲ. ಉಗುರಿನ ಹಳೆಯ ಪೊರೆ ಕಳಚಬೇಕು, ಬೆನ್ನು ಪೂರ್ತಿ ಚಾಚಬೇಕು, ಅಂಗಾಲಿನ ಗ್ರಂಥಿಯಿಂದ ತನ್ನ ವಾಸನೆ ಒತ್ತಿ 'ಈ ಜಾಗ ನನ್ನದು' ಎಂದು ರಿಜಿಸ್ಟರ್ ಮಾಡಿಸಬೇಕು. ಇಷ್ಟೆಲ್ಲ ಕೆಲಸಕ್ಕೆ ಅಲ್ಲಾಡುವ ಕಂಬ ಆಗದು, ಸೋಫಾದ ಮೂಲೆಯೇ ಸರಿ. ಹಿಂದೆಲ್ಲ ಇಲ್ಲಿಯವರು ಸೋಫಾ ಉಳಿಸಿಕೊಳ್ಳಲು ಬೆಕ್ಕಿನ ಉಗುರನ್ನು ಬೆರಳ ತುದಿಯ ಮೂಳೆ ಸಮೇತ ಕತ್ತರಿಸಿಬಿಡುತ್ತಿದ್ದರು. ನ್ಯೂಯಾರ್ಕ್ ರಾಜ್ಯ 2019ರಲ್ಲಿ ಅದನ್ನು ನಿಷೇಧಿಸಿತು. ಮಾವನವರು ಗ್ಯಾರೇಜಿನಲ್ಲಿ ಎರಡು ದಿನ ಕೂತು, ಸೊಂಟದೆತ್ತರದ ದಿಮ್ಮಿಗೆ ಹಗ್ಗ ಸುತ್ತಿ, ಅಗಲವಾದ ಹಲಗೆಗೆ ಬೋಲ್ಟು ಬಿಗಿದು ತಂದು ನಿಲ್ಲಿಸಿದರು. ಅದರ ಮುಂದೆ ಕನ್ನಂಬಾಡಿ ಕಟ್ಟೆಯೂ ಸ್ವಲ್ಪ ಅಲ್ಲಾಡೀತು. ಸೋಫಾ ಬಚಾವಾಯಿತು.

ಬೆಕ್ಕಿಗೆ ಚುರುಕು ಬರುವುದು ಮುಂಜಾವಿನಲ್ಲಿ ಮತ್ತು ಮುಸ್ಸಂಜೆಯಲ್ಲಿ. ಪುಳಿ ನಸುಕಿನಲ್ಲೇ ಎದ್ದು ಹಾಸಿಗೆಯಿಂದ ಹಾಸಿಗೆಗೆ ಹಾರಿದರೆ ನಾವು ಶಪಿಸುತ್ತಿದ್ದೆವು, ಮಾವನವರು ಸಂತೋಷಪಟ್ಟರು. "ನೋಡು, ಎರಡೂ ಸಂಧ್ಯೆ ತಪ್ಪಿಸೋದಿಲ್ಲ. ನಿನ್ನ ಗಂಡ ಉಪನಯನ ಆದ ವರ್ಷ ಮಾಡಿದ್ದು, ಆಮೇಲೆ ಇಲ್ಲ." ಇವರು ಕಾಫಿ ಲೋಟ ಹಿಡಿದುಕೊಂಡು ಲ್ಯಾಪ್‌ಟಾಪಿನ ಕಡೆ ಹೊರಟುಬಿಟ್ಟರು.

ಸಂಜೆ ಚೆನ್ನಾಗಿ ಆಡಿಸಿ, ದಣಿಸಿ, ಆಮೇಲೆ ಊಟ ಹಾಕಿದರೆ ಬೆಕ್ಕು ಮೈ ನೆಕ್ಕಿಕೊಂಡು ಮಲಗುತ್ತದೆ. ಬೇಟೆ, ಊಟ, ಅಲಂಕಾರ, ನಿದ್ದೆ, ಅದರ ದಿನಚರಿಯ ಕ್ರಮವೇ ಅದು. ಆಡಿಸುವುದರಲ್ಲಿ ನಮ್ಮ ಮನೆಯಲ್ಲಿ ಅತ್ತೆಯನ್ನು ಮೀರಿಸಿದವರಿಲ್ಲ. ಮಗಳು ಗರಿ ಕಟ್ಟಿದ ಕೋಲನ್ನು ಪುಳಿಯ ಮೂಗಿಗೇ ಹಿಡಿದು ಅಲ್ಲಾಡಿಸುತ್ತಿದ್ದಳು. ಪುಳಿ ಮುಖ ತಿರುಗಿಸಿ ಕೂತಿದ್ದಳು. ಅತ್ತೆ ಅಡುಗೆಮನೆಯಿಂದ ಬಂದರು. "ಯಾವ ಇಲಿಯಾದರೂ ಬೆಕ್ಕಿನ ಮುಖಕ್ಕೆ ಬಂದು ಕುಣಿಯತ್ತೇನೇ?" ಎಂದು, ಮೈಸೂರಿನಿಂದ ತಂದ ಪೊರಕೆಯಿಂದ ಒಂದು ಕಡ್ಡಿ ಕಿತ್ತು, ಚಾಪೆಯ ಅಂಚಿನ ಕೆಳಗೆ ತೂರಿಸಿದರು. ತುದಿ ಒಂದಿಷ್ಟೇ ಹೊರಬಂತು. ನಿಂತಿತು. ಮತ್ತೆ ಒಳಗೆ ಹೋಯಿತು. ಪುಳಿಯ ಕಿವಿ ನೆಟ್ಟಗಾಯಿತು, ಹಿಂಭಾಗ ಎಡಕ್ಕೂ ಬಲಕ್ಕೂ ತೂಗಿತು, ಮರುಗಳಿಗೆ ಚಾಪೆಯೂ ಪುಳಿಯೂ ಅತ್ತೆಯ ಮಡಿಲಲ್ಲಿದ್ದರು. ಬೇಟೆ ದೂರ ಓಡಬೇಕು, ಅವಿತುಕೊಳ್ಳಬೇಕು, ಕೊನೆಗೊಮ್ಮೆ ಸಿಕ್ಕಿಬೀಳಬೇಕು. ತಜ್ಞರು ಪುಟಗಟ್ಟಲೆ ಬರೆದದ್ದು ಇಷ್ಟೇ. 'ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ' ಎನ್ನುತ್ತಾರಲ್ಲ, ಎಡಿಸನ್ನಿನಲ್ಲಿ ಇಲಿಯ ಪಾಳಿ ನಮ್ಮದು.

ಹಿಡಿಯಲು ಏನೂ ಸಿಗದ ಆಟವೆಂದರೆ ಲೇಸರ್ ಚುಕ್ಕೆ. ಗೋಡೆಯ ಮೇಲೆ ಲೇಸರ್ ಬಿಟ್ಟು ಬೆಕ್ಕನ್ನು ಓಡಿಸುವುದಕ್ಕೆ 1995ರಲ್ಲಿ ಅಮೆರಿಕ ಸರ್ಕಾರ ಪೇಟೆಂಟ್ ಕೊಟ್ಟಿದೆ. 'ಬೆಕ್ಕಿಗೆ ವ್ಯಾಯಾಮ ಮಾಡಿಸುವ ವಿಧಾನ' ಎಂದೇ ಅದರ ಶೀರ್ಷಿಕೆ. ಕೈಗೆಂದೂ ಸಿಗದ ಬೇಟೆಯಿಂದ ಬೆಕ್ಕಿಗೆ ರೇಗುತ್ತದೆ, ಅದಕ್ಕೇ ಕೊನೆಗೆ ಒಂದು ತುಣುಕು ತಿಂಡಿ ಇಡಬೇಕು. ದಾರದ ಆಟ ಇನ್ನೂ ಕೆಟ್ಟದ್ದು. ಅತ್ತೆಯ ಮಲ್ಲಿಗೆ ದಂಡೆಯ ದಾರಕ್ಕೆ ಪುಳಿ ಬಾಯಿ ಹಾಕಿದ್ದನ್ನು ಕಂಡು ನಾನು ಚೀರಿದೆ. ಬೆಕ್ಕಿನ ನಾಲಿಗೆಯ ಮುಳ್ಳುಗಳೆಲ್ಲ ಗಂಟಲಿನ ಕಡೆಗೇ ಬಾಗಿರುತ್ತವೆ. ಒಮ್ಮೆ ಸಿಕ್ಕಿಕೊಂಡ ದಾರ ಒಳಗೇ ಹೋಗುತ್ತದೆ, ಕರುಳನ್ನು ನೆರಿಗೆ ಕಟ್ಟಿಬಿಡುತ್ತದೆ. ಅಂದಿನಿಂದ ಮಲ್ಲಿಗೆ ಅತ್ತೆಯ ಮುಡಿಯಲ್ಲಿ, ಇಲ್ಲವೇ ಫ್ರಿಜ್ಜಿನಲ್ಲಿ.

ಪುದೀನದ ಬಳಗದ ಕ್ಯಾಟ್‌ನಿಪ್ ಎಂಬ ಸೊಪ್ಪಿದೆ. ಮೂಸಿದರೆ ಮೂರರಲ್ಲಿ ಎರಡು ಪಾಲು ಬೆಕ್ಕುಗಳು ಹತ್ತು ನಿಮಿಷ ನೆಲದಲ್ಲಿ ಹೊರಳಾಡುತ್ತವೆ. ಉಳಿದವಕ್ಕೆ ಏನೂ ಆಗದು. ಅದು ವಂಶದಿಂದ ಬರುವ ಗುಣ. ಪುಳಿ ಮೂಸಿ, ಸೀನಿ, ಎದ್ದು ಹೋದಳು. "ವಂಶ!" ಎಂದರು ಮಾವನವರು. ಔಷಧಿ ಸೀಸೆಯ ಮೇಲಿನ ಹೆಸರು ಅಂದು ಅವರಿಗೆ ಹಿತವೆನಿಸಿರಬೇಕು. ಯುಗಾದಿಗೆ ಅತ್ತೆ ಇಟ್ಟ ಒಬ್ಬಟ್ಟಿನಿಂದ ಮಾತ್ರ ಮನಸ್ತಾಪವಾಯಿತು. ಪುಳಿ ತುಪ್ಪ ನೆಕ್ಕಿ ಒಬ್ಬಟ್ಟು ಬಿಟ್ಟಳು. ಸಿಹಿ ಗುರುತಿಸುವ ವಂಶವಾಹಿಯೇ ಬೆಕ್ಕಿನಲ್ಲಿ ಕೆಟ್ಟುಹೋಗಿದೆ ಎಂದು 2005ರಲ್ಲಿ ಫಿಲಡೆಲ್ಫಿಯಾದ ಮೊನೆಲ್ ಕೇಂದ್ರದವರು ಕಂಡುಹಿಡಿದಿದ್ದನ್ನು ವಿವರಿಸಿದೆ. ಅತ್ತೆಗೆ ಸಮಾಧಾನವಾಗಲಿಲ್ಲ. "ಹೂರಣ ಸ್ವಲ್ಪ ಗಟ್ಟಿಯಾಗಿತ್ತು, ಅದಕ್ಕೇ" ಎಂದರು.

ಎಲ್ಲಕ್ಕಿಂತ ದೊಡ್ಡ ಚರ್ಚೆ ಎದ್ದದ್ದು ಒಗಟಿನ ತಟ್ಟೆಯಿಂದ. ಮುಚ್ಚಳ ಸರಿಸಿ, ಗೂಟ ತಳ್ಳಿ, ಬೆಕ್ಕು ತನ್ನ ಕಾಳನ್ನು ತಾನೇ ದುಡಿದು ತಿನ್ನಬೇಕು. ಪುಳಿ ಅದರ ಪಕ್ಕ ಮಲಗಿ ನಮ್ಮ ಮುಖ ನೋಡಿದಳು. ಇಲಿ, ಕೋಳಿ, ಮಂಗಗಳ ಎದುರು ತುಂಬಿದ ತಟ್ಟೆಯಿದ್ದರೂ ಸ್ವಲ್ಪ ಶ್ರಮಪಟ್ಟು ತಿನ್ನಲು ಅವು ಒಲವು ತೋರುತ್ತವೆಂದು ಹಿಂದೆಯೇ ಗೊತ್ತಿತ್ತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್‌ನಲ್ಲಿ 17 ಬೆಕ್ಕುಗಳನ್ನು ಪರೀಕ್ಷಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು: ಬೆಕ್ಕುಗಳು ಹೆಚ್ಚಾಗಿ ತಿಂದದ್ದು ಪುಕ್ಕಟೆ ತಟ್ಟೆಯಿಂದ. ಇದನ್ನು ಓದಿ ಹೇಳಿದ್ದೇ ತಡ, ಮಾವನವರು ಕುರ್ಚಿಯಿಂದ ಎದ್ದು ನಿಂತರು.

ಶ್ರೀವೈಷ್ಣವರ ಹಳೆಯ ವಾದ ಗೊತ್ತಿದ್ದವರಿಗೆ ಕಾರಣ ಹೇಳಬೇಕಿಲ್ಲ. ಮಂಗನ ಮರಿ ತಾನೇ ತಾಯಿಯನ್ನು ಅವುಚಿ ಹಿಡಿಯಬೇಕು. ಬೆಕ್ಕಿನ ಮರಿ ಸುಮ್ಮನಿದ್ದರೂ ತಾಯಿಯೇ ಕಚ್ಚಿಕೊಂಡು ಹೋಗುತ್ತಾಳೆ. ಭಗವಂತನ ಕೃಪೆಗೆ ಜೀವನ ಪ್ರಯತ್ನ ಬೇಕು ಎನ್ನುವ ವಡಗಲೆಯವರದು ಮರ್ಕಟ ನ್ಯಾಯ. ಬೇಡ ಎನ್ನುವ ತೆಂಗಲೆಯವರದು ಮಾರ್ಜಾಲ ನ್ಯಾಯ. ಮಾವನವರು ತೆಂಗಲೆ. ಅವರ ಬಾಲ್ಯದ ಗೆಳೆಯರೊಬ್ಬರು ಮೈಸೂರಿನಲ್ಲಿದ್ದಾರೆ, ವಡಗಲೆ. ತಕ್ಷಣ ಫೋನು. "ತೀರ್ಮಾನ ಆಗಿಹೋಯ್ತು ಕಣಯ್ಯ, ಡೇವಿಸ್‌ನಲ್ಲಿ! ಮಂಗ ದುಡಿಯತ್ತೆ, ಬೆಕ್ಕು ದುಡಿಯೋದಿಲ್ಲ!" ಆ ಕಡೆಯವರು ಸಾವಕಾಶವಾಗಿ ಕೇಳಿದರು: "ಸರಿ ಕಣೋ. ಬೆಕ್ಕಿಗೆ ಮೋಕ್ಷ ಸಿಕ್ತೋ, ತೂಕ ಜಾಸ್ತಿ ಆಯ್ತೋ?"

ತೂಕ ಜಾಸ್ತಿ ಆಗಿತ್ತು. ಅತ್ತೆಯ ಮೊಸರನ್ನದ ಪಾಲೂ ಅದರಲ್ಲಿತ್ತು. ಡಾಕ್ಟರು ಪುಳಿಯ ಸೊಂಟ ತಡವಿ, ಒಂದು ಹಾಳೆ ಕೊಟ್ಟರು. ಬೆಕ್ಕಿನ ವೈದ್ಯರ ಎರಡು ಸಂಘಗಳು ಸೇರಿ 2013ರಲ್ಲಿ ರೂಪಿಸಿದ ಮಾರ್ಗಸೂಚಿಯ ಸಾರ ಅದರಲ್ಲಿತ್ತು. ಮನೆಯೊಳಗಿನ ಬೆಕ್ಕಿನ ನೆಮ್ಮದಿಗೆ ಐದು ಕಂಬ ಬೇಕಂತೆ. ರಾತ್ರಿ ಊಟಕ್ಕೆ ಕೂತಾಗ ಮಾವನವರು ಅದನ್ನು ಮಡಿಕೆ ಬಿಡಿಸಿ ಓದತೊಡಗಿದರು.

"ಒಂದು, ಯಾರೂ ಕೆಣಕದ ಸ್ವಂತ ಜಾಗ. ಪುಳಿಗೆ ಮೂರಂತಸ್ತು ಇದೆ. ನನ್ನ ರೂಮಿನಲ್ಲಿ ನಿಮ್ಮ ಟ್ರೆಡ್‌ಮಿಲ್ ಇದೆ, ಅದರ ಮೇಲೆ ನಿಮ್ಮ ಬಟ್ಟೆ ಇದೆ. ಎರಡು, ಊಟ, ನೀರು, ಶೌಚ ಬೇರೆ ಬೇರೆ ಕಡೆ ಇರಬೇಕು, ಇನ್ನೊಬ್ಬರ ಜೊತೆ ಪೈಪೋಟಿ ಕೂಡದು." ಇಲ್ಲಿ ನಿಲ್ಲಿಸಿ, ಬೆಳಗ್ಗೆ ಬಚ್ಚಲಿನ ಕನ್ನಡಿ ಮುಂದೆ ತಪಸ್ಸು ಮಾಡುವ ಮೊಮ್ಮಗಳನ್ನು ನೋಡಿದರು. "ತಾತಾ!" ಎಂದಳು ಅವಳು. "ಮೂರು, ಬೇಟೆಯಾಡುವ ಅವಕಾಶ. ದೇವರಾಜ ಮಾರ್ಕೆಟ್ಟಿನಲ್ಲಿ ಒಂದು ಕಂತೆ ವೀಳ್ಯದೆಲೆಗೆ ಕಾಲು ಗಂಟೆ ಚೌಕಾಸಿ ಮಾಡ್ತಿದ್ದವನು ನಾನು. ಇಲ್ಲಿ ಬದನೆಕಾಯಿ ಮೇಲೂ ಚೀಟಿ. ಮಿಷಿನ್ ಜೊತೆ ಏನಯ್ಯಾ ಮಾತಾಡೋದು? ನಾಲ್ಕು, ಮನೆಯವರು ಗೊತ್ತಾದ ಹೊತ್ತಿಗೆ, ಮರ್ಯಾದೆಯಿಂದ ಬಂದು ಮಾತಾಡಿಸಬೇಕು." ಇವರು ಸಾರು ಬಡಿಸಿಕೊಳ್ಳುವುದರಲ್ಲಿ ಮಗ್ನರಾದರು. "'ಅಪ್ಪಾ, ಮೀಟಿಂಗಲ್ಲಿದ್ದೀನಿ' ಅಂತ ಪುಳಿಗೆ ಯಾರೂ ಹೇಳಿದ್ದು ಕೇಳಿಲ್ಲ ನಾನು. ಐದು, ಅದರ ಮೂಗಿಗೆ ಬೆಲೆ ಕೊಡಬೇಕು." ಐದನೆಯದನ್ನು ಅತ್ತೆ ಕೈಗೆತ್ತಿಕೊಂಡರು. ಇಂಗು ಒಗ್ಗರಣೆ ಹಾಕಿದರೆ ಸೂರಿನ ಹೊಗೆ ಗಂಟೆ ಬಡಿದುಕೊಳ್ಳುವುದೂ, ಹಾಲ್‌ನಲ್ಲಿ ಪ್ಲಗ್ಗಿಗೆ ಸಿಕ್ಕಿಸಿದ ಸುಗಂಧದ ಡಬ್ಬಿಯೂ ಅಂದು ಒಟ್ಟಿಗೆ ವಿಚಾರಣೆಗೆ ಬಂದವು.

ಟ್ರೆಡ್‌ಮಿಲ್ ಮಾರನೆಯ ದಿನವೇ ಬೇಸ್‌ಮೆಂಟಿಗೆ ಇಳಿಯಿತು. ಮೂರನೆಯ ಕಂಬಕ್ಕೆಂದು ಶನಿವಾರ ಇವರು ಅಪ್ಪನನ್ನು ಇಂಗ್ಲಿಷ್‌ಟೌನಿನ ಸಂತೆಗೆ ಕರೆದೊಯ್ದರು. ಬಯಲು, ಟೇಬಲ್ಲುಗಳ ಸಾಲು, ಹಳೆಯ ಕೊಡಲಿ, ಹೊಸ ಕಾಲುಚೀಲ, ಬಾಯಲ್ಲಿ ಹೇಳುವ ಬೆಲೆ. ಮಾವನವರ ನಡಿಗೆಯೇ ಬದಲಾಯಿತಂತೆ. ಒಂದು ಟೇಬಲ್ಲಿನ ಮೇಲೆ ಗರಿ ಕಟ್ಟಿದ ಕೋಲು ಕಂಡರೂ ಕಾಣದವರಂತೆ ಮುಂದೆ ಹೋದರು. ಸುತ್ತಿ ಬಂದು ಪಕ್ಕದ ಬೀಗದ ಕೈಗಳನ್ನು ನೋಡಿದರು. ಮಾರುವವನು ಎಂಟು ಡಾಲರು ಎಂದ. ಮಾವನವರು ನಕ್ಕು ಹೊರಟರು. ಅವನು ಕೂಗಿದ. ಮಾವನವರು ಕೇಳಿಸಿಕೊಳ್ಳಲಿಲ್ಲ. ಮತ್ತೆ ಕೂಗಿದ.

ಐದಕ್ಕೆ ಇತ್ಯರ್ಥವಾಯಿತು. ಮನೆಗೆ ಬಂದು, ಕೈಕಾಲೂ ತೊಳೆಯದೆ, ಕೋಲನ್ನು ಅತ್ತೆಯ ಮುಂದೆ ಇಟ್ಟು ಬೆಲೆ ಹೇಳಿದರು. ಅತ್ತೆ ಎತ್ತಿ, ತಿರುಗಿಸಿ, ಗರಿ ಎಣಿಸಿದರು.

"ಐದಾ? ಇನ್ನು ನಾಲ್ಕು ಹೆಜ್ಜೆ ಮುಂದೆ ಹೋಗಿದ್ದಿದ್ರೆ ಮೂರಕ್ಕೆ ಕೊಡ್ತಿದ್ದ. ಬರೋ ಶನಿವಾರ ನಾನೂ ಬರ್ತೀನಿ."